ಬಣ್ಣದ ಕಾಗದವೂ ಓದುವ ಮೇಜೂ

(ನಮ್ಮ ಉಚಿತ ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ದೀಪಾವಳಿಗೂ ರಾಜ್ಯೋತ್ಸವಕ್ಕೂ ನಡುವೆ ಹೆಚ್ಚು ದಿನಗಳ ಅಂತರವಿರುವುದಿಲ್ಲ. ಹಬ್ಬಕ್ಕೆ ಮನೆಯ ಮುಂದೆ ಗೂಡುದೀಪ ಬೇಕು. ನವೆಂಬರ್ 1ಕ್ಕೆ ಈ ಕೋಣೆಗೆ ಪರಪರಿ ಬೇಕು. ಎರಡನ್ನೂ ಅಂಗಡಿಯಿಂದಲೇ ತಂದು ತೂಗುಹಾಕೋಣ ಎಂದು ಕೆಲವರ ಮತ. ವಾಚನಾಲಯದ ಈ ಉದ್ದ ಮೇಜಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ನಾವೇ ಕಾಗದದಲ್ಲಿ ಮಾಡೋಣ ಎಂದು ಇನ್ನು ಕೆಲವರ ಮತ. ಓದುವ ಕೋಣೆಯಲ್ಲಿ ಕತ್ತರಿ, ಅಂಟು, ಗದ್ದಲ ಏಕೆ ಎಂಬ ಆಕ್ಷೇಪವೂ ಬಂದಿದೆ. ಈ ಆಕ್ಷೇಪ ತಳ್ಳಿಹಾಕತಕ್ಕದ್ದಲ್ಲ. ವಾರವಿಡೀ ರೈಲಿನಲ್ಲಿ ನಿಂತು ಹೋಗಿ ಬರುವವನಿಗೆ ಊರಿನ ಪತ್ರಿಕೆಯನ್ನು ಕುಳಿತು ಓದಲು ಭಾನುವಾರ ಒಂದೇ ಸಿಗುವುದು. ಆದುದರಿಂದ ಬರಿಯ ಉತ್ಸಾಹದ ಮಾತಾಡದೆ, ಯಾವ ಕಾಗದ ಬೇಕು, ಎಷ್ಟು ಬೇಕು, ಅದನ್ನು ಹೇಗೆ ಬಳಸಬೇಕು ಎಂಬ ಲೆಕ್ಕವನ್ನು ತಮ್ಮ ಮುಂದಿಡುತ್ತೇವೆ. ಗಿರಣಿ ಗುಮಾಸ್ತರಾದ ನಮಗೆ ಬರುವ ವಿದ್ಯೆ ಲೆಕ್ಕ ಒಂದೇ.

ಮುಂಬಯಿಯಲ್ಲಿ ಈ ಸಾಮಾನಿಗೆ ಬಹಳ ಅಲೆಯಬೇಕಾದ್ದಿಲ್ಲ. ಕ್ರಾಫರ್ಡ್ ಮಾರ್ಕೆಟ್ಟಿನ ಸಮೀಪದ ಅಬ್ದುಲ್ ರೆಹಮಾನ್ ಬೀದಿಯಲ್ಲಿ ಕಾಗದ ಮತ್ತು ಲೇಖನ ಸಾಮಗ್ರಿಗಳ ಅಂಗಡಿಗಳು ಸಾಲಾಗಿವೆ. ಆದರೆ ಅಂಗಡಿಯ ಮುಂದೆ ನಿಂತಾಗ ಬಣ್ಣವನ್ನಷ್ಟೇ ನೋಡಿ ಕೊಂಡವನು ಮನೆಗೆ ಬಂದು ಕೊರಗುತ್ತಾನೆ. ಕಾಗದದಲ್ಲಿ ನೋಡತಕ್ಕ ಗುಣಗಳು ಮೂರು: ತೂಕ, ಎಳೆ ಮತ್ತು ಬಣ್ಣದ ನಿಲುವು.

ಮೊದಲನೆಯದು ತೂಕ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದರ ಮೇಲೆ ಕಾಗದದ ದಪ್ಪವನ್ನು ಹೇಳುವುದು ರೂಢಿ. ಬಟ್ಟೆಯ ತೂಕವನ್ನೂ ಗಿರಣಿಗಳಲ್ಲಿ ಹೀಗೆಯೇ ಹೇಳುತ್ತಾರಾದ್ದರಿಂದ ನಮ್ಮಲ್ಲಿ ಅನೇಕರಿಗೆ ಇದು ಹೊಸತಲ್ಲ. ಗಾಳಿಪಟದ ತೆಳು ಕಾಗದ ಸುಮಾರು 20 ಗ್ರಾಂ. ಕಚೇರಿಯ ಬರವಣಿಗೆ ಕಾಗದ 70ರಿಂದ 80 ಗ್ರಾಂ. ಶಾಲೆಯ ಮಕ್ಕಳು ತರುವ ಚಾರ್ಟು ಕಾಗದ ಇದರ ಸುಮಾರು ಎರಡರಷ್ಟು. ದೀಪದ ಬೆಳಕು ಹಾಯಬೇಕಾದಲ್ಲಿ ತೆಳುವಾದದ್ದು, ಆಕಾರ ನಿಲ್ಲಬೇಕಾದಲ್ಲಿ ದಪ್ಪನಾದದ್ದು. ಇಷ್ಟು ನೆನಪಿದ್ದರೆ ಅರ್ಧ ಹಣ ಉಳಿದಂತೆ.

ಎರಡನೆಯದು ಎಳೆ. ಬಟ್ಟೆಗೆ ಹಾಸು, ಹೊಕ್ಕು ಇದ್ದಂತೆ ಯಂತ್ರದಲ್ಲಿ ತಯಾರಾದ ಕಾಗದಕ್ಕೂ ಒಂದು ದಿಕ್ಕುಂಟು. ನೀರಿನಲ್ಲಿ ಕದಡಿದ ನಾರು ಓಡುವ ಜಾಲರಿಯ ಮೇಲೆ ಬೀಳುವಾಗ ಹೆಚ್ಚಿನ ನಾರುಗಳು ಯಂತ್ರ ಓಡುವ ಕಡೆಗೆ ಮುಖ ಮಾಡಿ ಮಲಗುತ್ತವೆ. ಈ ಎಳೆಯ ಉದ್ದಕ್ಕೆ ಹರಿದರೆ ಕಾಗದ ನೆಟ್ಟಗೆ ಹರಿಯುತ್ತದೆ, ಮಡಚಿದರೆ ಅಂಚು ಮುರಿಯದೆ ಮಡಚುತ್ತದೆ. ಅಡ್ಡಕ್ಕೆ ಹರಿದರೆ ವಕ್ರವಾಗುತ್ತದೆ, ಮಡಚಿದರೆ ಬಿರಿಯುತ್ತದೆ. ಪರೀಕ್ಷೆ ಸುಲಭ: ಒಂದು ಮೂಲೆಯನ್ನು ಎರಡು ದಿಕ್ಕಿಗೂ ಸ್ವಲ್ಪ ಹರಿದು ನೋಡುವುದು. ಪರಪರಿಯ ಮಡಿಕೆ, ಕವರಿನ ಮಡಿಕೆ, ಹೂವಿನ ದಂಟು ಎಲ್ಲವೂ ಎಳೆಯ ಉದ್ದಕ್ಕೆ ಬರುವಂತೆ ಕತ್ತರಿಸಬೇಕು.

ಮೂರನೆಯದು ಬಣ್ಣದ ನಿಲುವು. ಕೊಳ್ಳುವ ಮೊದಲು ಬೆರಳನ್ನು ಸ್ವಲ್ಪ ಒದ್ದೆ ಮಾಡಿ ಕಾಗದದ ಅಂಚಿಗೆ ಒತ್ತಿ ನೋಡಬೇಕು. ಬೆರಳಿಗೆ ಬಣ್ಣ ಹತ್ತಿದರೆ ಆ ಕಾಗದ ಅಂಟು ತಗುಲಿದೊಡನೆ ಬಣ್ಣ ಬಿಡುತ್ತದೆ. ನಮ್ಮ ಕೆಲಸಕ್ಕೆ ಇದು ಮುಖ್ಯ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಆ ದಿನ ನಾವು ಕಟ್ಟುವುದು, ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಬಾವುಟದ ಅರಸಿನ ಮತ್ತು ಕೆಂಪು ಬಣ್ಣಗಳನ್ನು. ಕೆಂಪು ಕರಗಿ ಅರಸಿನದ ಮೇಲೆ ಹರಿದರೆ ಎರಡೂ ಕೆಟ್ಟಂತೆ.

ಇನ್ನು ಕಾಗದದ ಜಾತಿಗಳು. ಗಾಳಿಪಟದ ಕಾಗದವನ್ನು ಆಗಲೇ ಹೇಳಿದೆವು. ಗೂಡುದೀಪಕ್ಕೆ ಅದೇ ತಕ್ಕದ್ದು. ಒಂದು ಮೈಗೆ ಬಣ್ಣ ಬಳಿದು ನುಣುಪು ಮಾಡಿದ ಗ್ಲೇಜ್ ಕಾಗದ ಹೊಳೆಯುತ್ತದೆ, ಬೆನ್ನು ಬೆಳ್ಳಗಿರುತ್ತದೆ. ಗೋಡೆಗೆ ಅಂಟಿಸುವ ಹೂ ಬಳ್ಳಿಗಳಿಗೆ ಸರಿ, ಎರಡೂ ಮೈ ಕಾಣುವ ಪರಪರಿಗೆ ಸಲ್ಲದು. ಕ್ರೇಪ್ ಕಾಗದ ಸುಕ್ಕು ಸುಕ್ಕಾಗಿರುತ್ತದೆ. ಒದ್ದೆ ಕಾಗದವನ್ನು ಉರುಳೆಯ ಮೇಲಿಂದ ಅಲಗಿನಿಂದ ಕೆರೆದು ತೆಗೆಯುವಾಗ ಈ ಸುಕ್ಕು ಬೀಳುತ್ತದೆ. ಆದ್ದರಿಂದ ಅದನ್ನು ಎಳೆದರೆ ಹಿಗ್ಗುತ್ತದೆ. ಸುಕ್ಕಿನ ಗೆರೆಗಳು ಎಸಳಿನ ಬುಡದಿಂದ ತುದಿಗೆ ಬರುವಂತೆ ಕತ್ತರಿಸಿ, ನಡುವೆ ಹೆಬ್ಬೆರಳಿನಿಂದ ಮೆಲ್ಲಗೆ ಅಗಲಿಸಿದರೆ ಗುಲಾಬಿಯ ಎಸಳಿನ ಗುಂಡಿ ತಾನಾಗಿ ಬರುತ್ತದೆ. ಕಾಗದದ ಹೂ ಮಾಡುವವರ ಕೈಚಳಕವೆಲ್ಲ ಈ ಒಂದು ಒತ್ತಿನಲ್ಲಿದೆ.

ಮದುವೆಯ ಬಾಸಿಂಗದಲ್ಲಿ ಹೊಳೆಯುವ ಬೇಗಡೆಯನ್ನು ತಾವೆಲ್ಲ ಬಲ್ಲಿರಿ. ಇಂದು ಅಂಗಡಿಯಲ್ಲಿ ಬೇಗಡೆಯೆಂದು ಕೊಡುವುದರಲ್ಲಿ ಬಹುಪಾಲು ಲೋಹದ ಹೊಳಪು ಹಚ್ಚಿದ ಪ್ಲಾಸ್ಟಿಕ್ಕು. ಹರಿದಾಗ ಅಂಚಿನಲ್ಲಿ ನಾರು ಕಂಡರೆ ಕಾಗದ. ಎಳೆದು ಹಿಗ್ಗಿದರೆ ಪ್ಲಾಸ್ಟಿಕ್ಕು. ಹಾಗೆಯೇ ಬಣ್ಣದ ಗಾಜಿನಂತೆ ಕಾಣುವ 'ಜಿಲೆಟಿನ್ ಕಾಗದ'. ಇದರ ನಿಜವಾದ ಹೆಸರು ಸೆಲೊಫೇನ್. ಜಿಲೆಟಿನ್ನಿಗೂ ಇದಕ್ಕೂ ಸಂಬಂಧವಿಲ್ಲ. ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್ 20ನೆಯ ಶತಮಾನದ ಆರಂಭದಲ್ಲಿ ಇದನ್ನು ಕಂಡುಹಿಡಿದರು. ಗಿರಣಿಯವರಾದ ನಮಗೆ ಇದು ನೆಂಟ. ಮರದ ತಿರುಳಿನಿಂದ ಮಾಡಿದ ಒಂದೇ ಪಾಕವನ್ನು ಸಣ್ಣ ರಂಧ್ರದಿಂದ ಎಳೆದರೆ ರೇಯಾನ್ ನೂಲು, ಉದ್ದ ಸೀಳಿನಿಂದ ಎಳೆದರೆ ಸೆಲೊಫೇನ್ ಹಾಳೆ. ಆದರೆ ಈಗ ಈ ಹೆಸರಿನಲ್ಲಿಯೂ ಹೆಚ್ಚಾಗಿ ಬರುತ್ತಿರುವುದು ಪ್ಲಾಸ್ಟಿಕ್ಕೇ.

ಕಾಗದದ ಅಲಂಕಾರ ಎಂದರೆ ಮಕ್ಕಳಾಟ ಎಂದು ಯಾರೂ ಹಗುರಾಗಿ ಕಾಣಬಾರದೆಂದು ಒಂದು ಮಾತು. 17ನೆಯ ಶತಮಾನದ ಮೊದಲ ಅರ್ಧದಲ್ಲಿ ನಮ್ಮ ವಿಜಾಪುರದಲ್ಲಿ ಅಬ್ರಿ ಕಾಗದದ ಚಿತ್ರಗಳು ರಚಿತವಾದವು. 'ಅಬ್ರ್' ಎಂದರೆ ಪಾರಸಿಯಲ್ಲಿ ಮೋಡ. ಗಟ್ಟಿ ಮಾಡಿದ ನೀರಿನ ಮೇಲೆ ಬಣ್ಣಗಳನ್ನು ತೇಲಿಬಿಟ್ಟು, ಕಡ್ಡಿಯಿಂದ ತಿರುವಿ, ಮೇಲೆ ಕಾಗದವನ್ನು ಮೆಲ್ಲಗೆ ಹಾಸಿ ಎತ್ತಿದರೆ ಮೋಡದಂಥ ಚಿತ್ತಾರ ಕಾಗದಕ್ಕೆ ಇಳಿಯುತ್ತದೆ. ಆ ಕಾಲದ ವಿಜಾಪುರದ್ದೆಂದು ತಜ್ಞರು ಹೇಳುವ, ಬಡಕಲು ಕುದುರೆ ಮತ್ತು ಅದರ ಸವಾರನ ಒಂದು ಅಬ್ರಿ ಚಿತ್ರ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಇತ್ತ ಪುಣೆಯಲ್ಲಿ 1940ರಲ್ಲಿ ಕೈಕಾಗದದ ಸಂಸ್ಥೆ ಸ್ಥಾಪಿತವಾಯಿತು. ಕೈಕಾಗದಕ್ಕೆ ಹತ್ತಿ ಬಟ್ಟೆಯ ಚಿಂದಿಯೇ ಉತ್ತಮ ಕಚ್ಚಾ ಮಾಲು. ದರ್ಜಿಯ ಕತ್ತರಿಯಿಂದ ಉದುರಿದ ಚೂರು ಮದುವೆಯ ಕರೆಯೋಲೆಯಾಗಿ ಮತ್ತೆ ಮನೆಗೆ ಬರುತ್ತದೆ.

ಈಗ ಅಂಟು. ಬಾಟಲಿಯ ಗೋಂದು ಕೊಳ್ಳುವ ಅಗತ್ಯವಿಲ್ಲ. ಒಂದು ಪಾಲು ಮೈದಾ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ನಾಲ್ಕೈದು ಪಾಲು ನೀರು ಸೇರಿಸಿ, ಸಣ್ಣ ಉರಿಯ ಮೇಲೆ ಕೈಬಿಡದೆ ಕದಡುತ್ತಿರಬೇಕು. ಬಿಳಿ ಹೋಗಿ ಗಂಜಿಯಂತೆ ಹೊಳಪು ಬಂದಾಗ ಇಳಿಸುವುದು. ಪುಸ್ತಕ ಕಟ್ಟುವವರು ಹುಳ ಬಾರದಿರಲೆಂದು ಇದಕ್ಕೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಮಕ್ಕಳು ಕೈಯಾಡಿಸುವ ಅಂಟಿಗೆ ಖಂಡಿತ ಕೂಡದು. ಆಯಾ ದಿನಕ್ಕೆ ಬೇಕಾದಷ್ಟನ್ನೇ ಮಾಡಿಕೊಂಡರಾಯಿತು. ತೆಳು ಕಾಗದಕ್ಕೆ ಅಂಟನ್ನು ಬಳಿಯಬಾರದು. ಕಡ್ಡಿಗೆ ಬಳಿದು ಕಾಗದವನ್ನು ಅದರ ಮೇಲೆ ಕೂರಿಸಬೇಕು.

ಪರಪರಿಯ ಲೆಕ್ಕ ಕೇಳಿರಿ. ಅಂಗಡಿಯಲ್ಲಿ 20 ಇಂಚು ಅಗಲ, 30 ಇಂಚು ಉದ್ದದ ಹಾಳೆ ಸಾಮಾನ್ಯ. ಅದನ್ನು ಉದ್ದಕ್ಕೆ 6 ಇಂಚಿನ ಮೂರು ಪಟ್ಟಿಗಳಾಗಿ ಸೀಳುವುದು. ಒಂದೊಂದು ಪಟ್ಟಿಯಲ್ಲಿ 5 ಇಂಚು ಬುಡದ ತ್ರಿಕೋನಗಳನ್ನು ಒಂದು ಮೇಲ್ಮುಖ, ಒಂದು ಕೆಳಮುಖವಾಗಿ ಗೆರೆ ಎಳೆದರೆ 11 ಪೂರ್ಣ ತ್ರಿಕೋನ ಸಿಗುತ್ತವೆ. ಒಂದು ಹಾಳೆಗೆ 33. ನಡುವೆ 3 ಇಂಚು ಬಿಟ್ಟು ದಾರಕ್ಕೆ ಮಡಚಿ ಅಂಟಿಸಿದರೆ ಒಂದು ಹಾಳೆ 22 ಅಡಿ ದೂರ ಓಡುತ್ತದೆ. 12 ಅಡಿ ಅಗಲ, 20 ಅಡಿ ಉದ್ದದ ಈ ಕೋಣೆಯ ಸುತ್ತಳತೆ 64 ಅಡಿ. ಅರಸಿನದ ಎರಡು, ಕೆಂಪಿನ ಎರಡು, ಒಟ್ಟು ನಾಲ್ಕು ಹಾಳೆ ತಂದರೆ 88 ಅಡಿ. ಗೋಡೆ ಸುತ್ತಿ, ದಾರದ ಬಾಗಿಗೂ ಸಾಕಾಗಿ, ಬಾಗಿಲಿಗೂ ಉಳಿಯುತ್ತದೆ.

ಗೂಡುದೀಪಕ್ಕೆ ಬನ್ನಿರಿ. ದಕ್ಷಿಣ ಕನ್ನಡ, ಉಡುಪಿಯವರು ಗೂಡುದೀಪ ಎನ್ನುತ್ತಾರೆ. ಧಾರವಾಡ, ಬೆಳಗಾವಿಯವರು ಆಕಾಶಬುಟ್ಟಿ ಎನ್ನುತ್ತಾರೆ. ಪಕ್ಕದ ಮನೆಯ ಮರಾಠಿಯವರು ಆಕಾಶಕಂದೀಲು ಎನ್ನುತ್ತಾರೆ. ಹೆಸರು ಮೂರು, ವಸ್ತು ಒಂದು. 9 ಇಂಚಿನ 24 ಬಿದಿರು ಕಡ್ಡಿಗಳಿಂದ ಆರು ಚೌಕಗಳನ್ನು ಕಟ್ಟಿರಿ. ನಾಲ್ಕಕ್ಕೆ ಮೇಜಿನ ಮೇಲಿರುವಾಗಲೇ ಕಾಗದ ಅಂಟಿಸಿರಿ. ಎರಡನ್ನು ಬರಿದಾಗಿ ಬಿಡಿರಿ. ಕಾಗದದ ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಪಕ್ಕದ ಮೂಲೆಗಳನ್ನು ಒಂದಕ್ಕೊಂದು ಕಟ್ಟಿ ಬಳೆಯಂತೆ ಮಾಡಿರಿ. ಅವುಗಳ ಮೇಲಿನ ನಾಲ್ಕು ಮೂಲೆಗೆ ಒಂದು ಬರಿ ಚೌಕ, ಕೆಳಗಿನ ನಾಲ್ಕು ಮೂಲೆಗೆ ಇನ್ನೊಂದು. ಗೂಡು ನಿಂತಿತು. ನಡುವೆ ಎಂಟು ತ್ರಿಕೋನದ ಕಿಂಡಿಗಳು ಉಳಿಯುತ್ತವೆ. ಅವಕ್ಕೆ ಬೇರೆ ಬಣ್ಣ. ಅಂಚು ಮಡಚಲು ಅರ್ಧರ್ಧ ಇಂಚು ಬಿಟ್ಟರೆ ಚೌಕಕ್ಕೆ 10 ಇಂಚಿನ ತುಂಡು ಬೇಕು. ಒಂದು ಹಾಳೆಯಲ್ಲಿ ಸರಿಯಾಗಿ ಆರು ಬರುತ್ತವೆ. ನಾಲ್ಕು ಗೂಡಿಗೆ, ಎರಡು ಕತ್ತರಿಸಿ ಬಾಲಕ್ಕೆ. ತ್ರಿಕೋನಕ್ಕೆ 11 ಇಂಚು ಬದಿಯ ತುಂಡು ಬೇಕು. ತಲೆಕೆಳಗು ಮಾಡುತ್ತ ಕತ್ತರಿಸಿದರೆ ಎರಡನೆಯ ಹಾಳೆಯಲ್ಲಿ ಎಂಟೂ ಸಿಗುತ್ತವೆ. ಎರಡು ಹಾಳೆಗೆ ಒಂದು ಗೂಡುದೀಪ. ಕಸಕ್ಕೆ ಹೋಗುವುದು ಅಂಚಿನ ಚೂರು ಮಾತ್ರ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಲೇಬೇಕು. ಊರಿನ ತೆರೆದ ಅಂಗಳದಲ್ಲಿ ಹಿಂದೆ ಎಣ್ಣೆಯ ಹಣತೆ ಇಡುತ್ತಿದ್ದರೆಂದು ಇಲ್ಲಿಯ ಚಾಳಿನ ಗ್ಯಾಲರಿಯಲ್ಲಿ ಅದನ್ನು ಇಡಕೂಡದು. ಒಣಗಿದ ತೆಳು ಕಾಗದಕ್ಕೆ ಕಿಡಿ ಸಾಕು. ಪಕ್ಕದಲ್ಲಿ ಒಗೆದ ಬಟ್ಟೆ, ಅದರ ಪಕ್ಕದಲ್ಲಿ ಇನ್ನೊಬ್ಬರ ಮನೆ. ಕಾವು ಕಡಿಮೆಯಿರುವ ಸಣ್ಣ ಎಲ್‌ಇಡಿ ಬಲ್ಬು ಹಾಕಿ, ಅದು ಕಾಗದಕ್ಕೆ ತಾಗದಂತೆ ನಡುವೆ ತೂಗಬಿಟ್ಟು, ಜೋಡು ತೆರೆದುಕೊಂಡಿರದ ತಂತಿಯನ್ನೇ ಬಳಸಬೇಕು.

ಸಿದ್ಧವಾದದ್ದು ಅಗ್ಗವಲ್ಲವೇ ಎಂದು ಕೇಳಬಹುದು. ಮಹಾರಾಷ್ಟ್ರದಲ್ಲಿ 2018ರಲ್ಲಿ ಪ್ಲಾಸ್ಟಿಕ್ ಮತ್ತು ಥರ್ಮೊಕೋಲ್ ಸಾಮಾನುಗಳ ಮೇಲೆ ನಿರ್ಬಂಧ ಬಂದಿತು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಪ್ಲಾಸ್ಟಿಕ್ ಬಾವುಟಗಳಿಗೂ ಅಲಂಕಾರದ ಥರ್ಮೊಕೋಲಿಗೂ ನಿಷೇಧವಾಯಿತು. ಕಾನೂನಿನ ಮಾತು ಹಾಗಿರಲಿ. ನಮಗೆ ತೋರುವ ಕಾರಣ ಬೇರೆ.

ನಮ್ಮ ಮಕ್ಕಳು ಬೀದಿಯಲ್ಲಿ ಮರಾಠಿ, ಹಿಂದಿ ಆಡುತ್ತವೆ, ಶಾಲೆಯಲ್ಲಿ ಇಂಗ್ಲಿಷು. ಅದರಲ್ಲಿ ತಪ್ಪಿಲ್ಲ, ಅನ್ನ ಕೊಟ್ಟ ಊರಿನ ಮಾತು ಬರಬೇಕು. ಆದರೆ ಎದುರಿಗೆ ನಿಲ್ಲಿಸಿ 'ಕನ್ನಡ ಮಾತಾಡು' ಎಂದರೆ ಮಗು ಬಾಯಿ ಮುಚ್ಚುತ್ತದೆ. ಅದೇ ಮಗುವಿನ ಕೈಗೆ ಕಾಗದ ಕೊಟ್ಟು ಪಕ್ಕದಲ್ಲಿ ಕುಳಿತು 'ಅಂಚು ಮಡಚು, ಬಿಗಿ ಹಿಡಿ, ಸಡಿಲ ಬಿಡು, ಅಂಟು ಸವರು, ಗಂಟು ಹಾಕು' ಎನ್ನಿರಿ. ಮಾತು ಕೈಯ ದಾರಿಯಿಂದ ಒಳಗಿಳಿಯುತ್ತದೆ. ಈ ಕ್ರಿಯಾಪದಗಳು ಪಠ್ಯಪುಸ್ತಕದಿಂದ ಬರತಕ್ಕವಲ್ಲ. ಇನ್ನೊಂದು ಮಾತು. ನಮ್ಮಲ್ಲಿ ಅನೇಕರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಖೋಲಿಯಲ್ಲಿ ಐದಾರು ಮಂದಿ ಸೇರಿ ಇರುವವರು. ಬಿದಿರು ಸೀಳುವುದು, ಗೂಡು ಕಟ್ಟುವುದು ಅವರ ಕೈಗೆ ಚೆನ್ನಾಗಿ ಗೊತ್ತು. ಆ ವಿದ್ಯೆಗೆ ಈ ಊರಿನಲ್ಲಿ ಕೆಲಸವಿಲ್ಲ, ಕೇಳುವವರೂ ಇಲ್ಲ. ಹಬ್ಬದ ದಿನ ಖೋಲಿಯಲ್ಲಿ ಒಬ್ಬರೇ ಮಲಗುವ ಬದಲು ಅವರು ಇಲ್ಲಿ ಹತ್ತು ಮಕ್ಕಳಿಗೆ ಗುರುಗಳಾಗಬಹುದು. ಒಂದೇ ಕೋಣೆಯ ಮನೆಯಲ್ಲಿ ಹಾಳೆ ಹರಡಲು ಜಾಗವಿಲ್ಲ. ಆದ್ದರಿಂದಲೇ ಈ ಮೇಜನ್ನು ಕೇಳುತ್ತಿದ್ದೇವೆ.

ಓದುಗರ ಹಕ್ಕಿಗೂ ಭಂಗ ಬರಬಾರದು. ನಮ್ಮ ಸೂಚನೆ ಇಷ್ಟು: ದೀಪಾವಳಿಗೆ ಮುಂಚಿನ ನಾಲ್ಕು ಭಾನುವಾರ, ಮಧ್ಯಾಹ್ನ ಮೂರರಿಂದ ಐದರವರೆಗೆ ಮಾತ್ರ ಮೇಜಿನ ಅರ್ಧ ಭಾಗ ಕಾಗದದ ಕೆಲಸಕ್ಕೆ, ಮಿಕ್ಕ ಅರ್ಧ ಪತ್ರಿಕೆಗಳಿಗೆ. ಮೇಜಿಗೆ ಹಳೆಯ ಪತ್ರಿಕೆ ಹಾಸತಕ್ಕದ್ದು. ಕತ್ತರಿ ಹಿರಿಯರ ಕೈಯಲ್ಲಿರತಕ್ಕದ್ದು. ಐದಕ್ಕೆ ಕಸ ಗುಡಿಸಿ ಕೊಡುವ ಹೊಣೆ ನಮ್ಮದು. ಬಣ್ಣದ ಕಾಗದವನ್ನು ಪುಸ್ತಕಗಳಿಗೆ ರಕ್ಷೆಯಾಗಿ ಹಾಕಕೂಡದು; ಮಳೆಗಾಲದ ತೇವಕ್ಕೆ ಬಣ್ಣ ಬಿಟ್ಟು ಪುಸ್ತಕ ಕೆಡುತ್ತದೆ. ಅದಕ್ಕೆ ಕಂದು ಕಾಗದವೇ ಸರಿ. ಹಬ್ಬ ಮುಗಿದ ಮೇಲೆ ಪರಪರಿಯನ್ನು ಬಿಚ್ಚಿ ಸುತ್ತಿ ಬೀರುವಿನಲ್ಲಿಟ್ಟರೆ ಮುಂದಿನ ವರ್ಷಕ್ಕೂ ಬಂದೀತು.

ಕಾಗದ ಓದುವುದಕ್ಕೂ ಹೌದು, ಮಡಚುವುದಕ್ಕೂ ಹೌದು. ಇಂದು ಈ ಮೇಜಿನಲ್ಲಿ ಕಾಗದ ಮಡಚಲು ಬಂದ ಮಗು ನಾಳೆ ಅದೇ ಮೇಜಿನಲ್ಲಿ ಕಾಗದ ಓದಲು ಬರಬಹುದೆಂಬುದು ನಮ್ಮ ಆಸೆ. ಒಪ್ಪುವವರು ತಮ್ಮ ಹೆಸರನ್ನು ಬಾಗಿಲ ಬಳಿಯ ಪುಸ್ತಕದಲ್ಲಿ ಬರೆಯಬೇಕಾಗಿ ವಿನಂತಿ. ಒಪ್ಪದವರು ತಮ್ಮ ಅಭಿಪ್ರಾಯವನ್ನು ಅದೇ ಪುಸ್ತಕದಲ್ಲಿ ಬರೆಯಬೇಕಾಗಿ ಅಷ್ಟೇ ವಿನಯದ ವಿನಂತಿ.