ಶೀತದಲ್ಲಿ ಕಾದಿಟ್ಟ ಭ್ರೂಣ: ಶಾಪದಿಂದ ಶಾಸ್ತ್ರದವರೆಗೆ

(ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ದೇವರಾಜ ಮೊಹಲ್ಲಾದ ಧನ್ವಂತರಿ ರಸ್ತೆಗೆ ದೇವವೈದ್ಯನ ಹೆಸರಿದೆ. ಔಷಧದ ಅಂಗಡಿಗಳು ಸಾಲುಗಟ್ಟಿರುವ ಈ ರಸ್ತೆಗೆ ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ. ಕೆ.ಆರ್. ಆಸ್ಪತ್ರೆಯೂ ಹೆಂಗಸರು ಮತ್ತು ಮಕ್ಕಳಿಗೆ ಮೀಸಲಾದ ಚೆಲುವಾಂಬ ಆಸ್ಪತ್ರೆಯೂ ಹತ್ತಿರದಲ್ಲೇ ಇವೆ. ಹೀಗೆ ಬಂದವರಲ್ಲಿ ಕೆಲವರು ತಮ್ಮ ತೊಂದರೆಯ ಹೆಸರನ್ನು ಗಟ್ಟಿಯಾಗಿ ಹೇಳುವುದಿಲ್ಲ. ‘ಮದುವೆಯಾಗಿ ಐದು ವರ್ಷವಾಯಿತು’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಉಳಿದದ್ದು ಕೇಳಿದವರಿಗೆ ಅರ್ಥವಾಗುತ್ತದೆ.

ಮಕ್ಕಳಿಲ್ಲದ ಕೊರಗನ್ನು ಮೈಸೂರಿನಷ್ಟು ತನ್ನ ಚರಿತ್ರೆಯೊಳಗೆ ಹೆಣೆದುಕೊಂಡ ಊರು ಅಪರೂಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ಒಡವೆಗಳಿಗಾಗಿ ಅಟ್ಟಿಸಿಕೊಂಡು ಬಂದ ಭಟರಿಂದ ತಪ್ಪಿಸಿಕೊಳ್ಳಲು ಅಲಮೇಲಮ್ಮ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳೆಂದೂ, ಹಾರುವ ಮುನ್ನ ಮೈಸೂರು ದೊರೆಗಳಿಗೆ ಮಕ್ಕಳಾಗದಿರಲೆಂದು ಶಪಿಸಿದಳೆಂದೂ ಕಥೆಯಿದೆ. ಇದು ಐತಿಹ್ಯ, ಇತಿಹಾಸವಲ್ಲ. ಆದರೆ ಈ ಊರಿನ ಇತಿಹಾಸದಲ್ಲಿ ದತ್ತುಸ್ವೀಕಾರಕ್ಕೆ ದೊಡ್ಡ ಸ್ಥಾನವಿರುವುದು ನಿಜ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಅದನ್ನು ಒಪ್ಪಲು ಮೊದಲು ಹಿಂಜರಿದ ಬ್ರಿಟಿಷರು ಕೊನೆಗೆ ಮಣಿದದ್ದರಿಂದಲೇ 1881ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಮರಳಿತು. 1940ರಲ್ಲಿ ನಾಲ್ವಡಿಯವರ ನಂತರ ಪಟ್ಟಕ್ಕೆ ಬಂದವರು ಅವರ ತಮ್ಮನ ಮಗ ಜಯಚಾಮರಾಜ ಒಡೆಯರು. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರಲ್ಲಿ ತೀರಿಕೊಂಡ ಬಳಿಕ 2015ರಲ್ಲಿ ಮತ್ತೊಂದು ದತ್ತುಸ್ವೀಕಾರ ನಡೆಯಿತು.

ಅರಮನೆಗೆ ದತ್ತು ಎಂಬ ಗೌರವದ ದಾರಿಯಿತ್ತು. ಸಾಮಾನ್ಯರ ಮನೆಯಲ್ಲಿ ಶಾಪದ ಹೊರೆ ಬಿದ್ದದ್ದು ಸೊಸೆಯ ತಲೆಯ ಮೇಲೆ. ‘ಬಂಜೆ’ ಎಂಬ ಮಾತನ್ನೇ ಗಮನಿಸಿ. ಅದು ಹೆಂಗಸಿಗೆ ಅಂಟಿಸುವ ಪದ. ಗಂಡಸಿಗೆ ಅದೇ ಅರ್ಥದಲ್ಲಿ ಬೀದಿಬೀದಿಯಲ್ಲಿ ಬಳಕೆಯಾಗುವ ಪದವನ್ನು ಹುಡುಕಬೇಕಾಗುತ್ತದೆ. ಅರಳಿಕಟ್ಟೆಯ ಪ್ರದಕ್ಷಿಣೆ, ನಾಗರಪ್ರತಿಷ್ಠೆ, ಹರಕೆ, ಉಪವಾಸ ಎಲ್ಲವೂ ಬಹುಮಟ್ಟಿಗೆ ಅವಳ ಪಾಲು. ಯಾವುದೂ ಫಲಿಸದಿದ್ದರೆ ಗಂಡನಿಗೆ ಎರಡನೆಯ ಮದುವೆ. ಇಷ್ಟರ ನಡುವೆ ಗಂಡನನ್ನು ಪರೀಕ್ಷಿಸಬೇಕೆಂದು ಯಾರಿಗೂ ತೋಚುತ್ತಿರಲಿಲ್ಲ.

ವೈದ್ಯಶಾಸ್ತ್ರ ಹೇಳುವುದು ಬೇರೆ. ಒಂದು ವರ್ಷ ಕೂಡಿಬಾಳಿದರೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನವೆಂದು ಪರಿಗಣಿಸಿ ಪರೀಕ್ಷೆ ಆರಂಭಿಸುತ್ತಾರೆ. ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವಮಾನದಲ್ಲಿ ಎಂದಾದರೂ ಈ ತೊಂದರೆಯನ್ನು ಕಾಣುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು. ಕಾರಣ ಹೆಂಡತಿಯಲ್ಲಿರಬಹುದು, ಗಂಡನಲ್ಲಿರಬಹುದು, ಇಬ್ಬರಲ್ಲೂ ಇರಬಹುದು. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡನ ಕಡೆಯ ದೋಷವೂ ಸೇರಿರುತ್ತದೆ.

ಈ ತೊಂದರೆಗೆ ಇಂದಿರುವ ಚಿಕಿತ್ಸೆಗಳಲ್ಲಿ ಒಂದು, ಶೀತದಲ್ಲಿ ಕಾದಿಟ್ಟ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವುದು. ಅದರ ಬಗೆ ಹೀಗಿದೆ. ಸಹಜವಾಗಿ ತಿಂಗಳಿಗೊಮ್ಮೆ ಅಂಡಾಶಯದಿಂದ ಸಾಮಾನ್ಯವಾಗಿ ಒಂದು ಅಂಡಾಣು ಹೊರಬೀಳುತ್ತದೆ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಹಾರ್ಮೋನು ಚುಚ್ಚುಮದ್ದು ಕೊಟ್ಟು ಒಂದೇ ಸಲಕ್ಕೆ ಹಲವು ಅಂಡಾಣುಗಳು ಬಲಿಯುವಂತೆ ಮಾಡುತ್ತಾರೆ. ಅವುಗಳನ್ನು ಸೂಜಿಯಿಂದ ಹೊರತೆಗೆದು, ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ವೀರ್ಯಾಣುಗಳೊಂದಿಗೆ ಕೂಡಿಸುತ್ತಾರೆ. ಫಲಿತ ಅಂಡವು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಾ ಐದನೆಯ ದಿನಕ್ಕೆ ನೂರಕ್ಕೂ ಹೆಚ್ಚು ಜೀವಕೋಶಗಳ ಚೆಂಡಾಗುತ್ತದೆ. ಇಷ್ಟಾದರೂ ಅದರ ಗಾತ್ರ ಬರಿಗಣ್ಣಿಗೆ ಒಂದು ಚುಕ್ಕೆಯಷ್ಟೆ.

ಇಂತಹ ನಾಲ್ಕಾರು ಭ್ರೂಣಗಳು ಸಿಕ್ಕರೆ ಎಲ್ಲವನ್ನೂ ಒಮ್ಮೆಗೇ ಗರ್ಭಕೋಶಕ್ಕೆ ಸೇರಿಸುವಂತಿಲ್ಲ. ಹಾಗೆ ಮಾಡಿದರೆ ಅವಳಿ, ತ್ರಿವಳಿ ಗರ್ಭವಾಗಿ ತಾಯಿಗೂ ಮಕ್ಕಳಿಗೂ ಅಪಾಯ. ಒಂದನ್ನೋ ಎರಡನ್ನೋ ಬಳಸಿ ಉಳಿದವನ್ನು ಮುಂದಕ್ಕೆ ಕಾದಿಡಬೇಕು. ಕಾದಿಡುವುದು ಹೇಗೆ? ಕಷ್ಟವಿರುವುದು ಇಲ್ಲಿಯೇ.

ಸೌತೆಕಾಯಿಯನ್ನು ಫ್ರೀಜರಿನಲ್ಲಿಟ್ಟು ಹೊರತೆಗೆದರೆ ನೀರುಬಿಟ್ಟು ಮೆತ್ತಗಾಗುತ್ತದೆ. ಒಳಗಿನ ನೀರು ಹರಳಾಗಿ, ಆ ಹರಳುಗಳು ಜೀವಕೋಶಗಳನ್ನು ಹರಿದುಹಾಕಿರುತ್ತವೆ. ಭ್ರೂಣಕ್ಕೂ ಇದೇ ಗತಿ. ಗ್ಲಿಸರಾಲಿನಂತಹ ದ್ರವ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿಯೂ ಬದುಕಬಲ್ಲವೆಂದು ಇಂಗ್ಲೆಂಡಿನ ವಿಜ್ಞಾನಿಗಳು 1949ರಲ್ಲಿ ತೋರಿಸಿದರು. 1972ರಲ್ಲಿ ಇಲಿಯ ಭ್ರೂಣಗಳನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಜೀವಂತ ಮರಿಗಳನ್ನು ಪಡೆದರು. ಮರುವರ್ಷ ಹಾಗೆಯೇ ಒಂದು ಕರು ಹುಟ್ಟಿತು.

ದನಕರುಗಳ ವಿಷಯದಲ್ಲಿ ಮೈಸೂರಿಗೂ ಒಂದು ಹಿರಿಮೆಯಿದೆ. ಭಾರತದಲ್ಲಿ ರಾಸುಗಳಿಗೆ ಕೃತಕ ಗರ್ಭಧಾರಣೆಯನ್ನು ಮೊದಲು ಮಾಡಿದ್ದು 1939ರಲ್ಲಿ, ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ. ಮಾಡಿದವರು ಸಂಪತ್ ಕುಮಾರನ್. ದ್ರವ ಸಾರಜನಕದ ಕ್ಯಾನಿನಿಂದ ಹೋರಿಯ ವೀರ್ಯದ ಕಡ್ಡಿಯನ್ನು ತೆಗೆಯುವ ಪಶುವೈದ್ಯರನ್ನು ಇಂದು ಹಳ್ಳಿಯ ರೈತರೆಲ್ಲ ಬಲ್ಲರು. ಮನುಷ್ಯರ ಭ್ರೂಣವನ್ನು ಇಡುವುದೂ ಅಂತಹುದೇ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಆ ಚಳಿಯಲ್ಲಿ ಜೀವಕೋಶದ ವ್ಯಾಪಾರವೆಲ್ಲ ನಿಂತುಬಿಡುತ್ತದೆ. ಭ್ರೂಣಕ್ಕೆ ವಯಸ್ಸಾಗುವುದಿಲ್ಲ.

ಮನುಷ್ಯರಲ್ಲಿ ಈ ಪ್ರಯತ್ನದ ಕಥೆ ತೊಡಗುವುದು ಕೋಲ್ಕತ್ತದಲ್ಲಿ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿತು. ಅದಾದ 70 ದಿನಗಳಲ್ಲಿ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಒಂದು ಹೆಣ್ಣುಮಗು ಜನಿಸಿತು. ಪತ್ರಿಕೆಗಳು ಆ ಮಗುವನ್ನು ‘ದುರ್ಗಾ’ ಎಂದು ಕರೆದವು. ಅದರ ಹಿಂದಿದ್ದವರು ಶರೀರಕ್ರಿಯಾಶಾಸ್ತ್ರಜ್ಞ ಡಾ. ಸುಭಾಷ್ ಮುಖ್ಯೋಪಾಧ್ಯಾಯ. ಅವರ ಜೊತೆಗಿದ್ದವರು ಶೀತಸಂರಕ್ಷಣೆಯನ್ನು ಬಲ್ಲ ಸುನೀತ್ ಮುಖರ್ಜಿ ಮತ್ತು ಸ್ತ್ರೀರೋಗ ತಜ್ಞ ಡಾ. ಸರೋಜ್ ಕಾಂತಿ ಭಟ್ಟಾಚಾರ್ಯ.

ಇಂಗ್ಲೆಂಡಿನವರು ಸಹಜವಾಗಿ ಬಲಿತ ಒಂದೇ ಅಂಡಾಣುವನ್ನು ಬಳಸಿದ್ದರು. ಮುಖ್ಯೋಪಾಧ್ಯಾಯರು ಹಾರ್ಮೋನು ಕೊಟ್ಟು ಹಲವು ಅಂಡಾಣುಗಳನ್ನು ಪಡೆದರು. ಆದರೆ ಆ ಹಾರ್ಮೋನುಗಳ ಪ್ರಭಾವದಲ್ಲಿರುವ ಗರ್ಭಕೋಶ ಭ್ರೂಣವನ್ನು ಸ್ವೀಕರಿಸಲು ಹದವಾಗಿರುವುದಿಲ್ಲ. ಬಿತ್ತನೆಗೆ ಬೀಜವಿದೆ, ಹೊಲ ಹದಗೊಂಡಿಲ್ಲ; ಹದ ಬರುವವರೆಗೆ ಬೀಜವನ್ನು ಕಾದಿಡಬೇಕು. ಅವರು ಮಾಡಿದ್ದೂ ಅದನ್ನೇ. ಭ್ರೂಣವನ್ನು 53 ದಿನ ಹೆಪ್ಪುಗಟ್ಟಿಸಿಟ್ಟು, ನಂತರದ ಸಹಜ ಋತುಚಕ್ರವೊಂದರಲ್ಲಿ ತಾಯಿಯ ಗರ್ಭಕೋಶಕ್ಕೆ ಸೇರಿಸಿದ್ದಾಗಿ ಅವರು ದಾಖಲಿಸಿದರು.

ಅಂದಿನ ಪಶ್ಚಿಮ ಬಂಗಾಳ ಸರ್ಕಾರ ಅವರ ಹೇಳಿಕೆಯನ್ನು ಪರಿಶೀಲಿಸಲು ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ರೇಡಿಯೊ ಭೌತವಿಜ್ಞಾನದವರು. ಸಮಿತಿ ಅವರ ಮಾತನ್ನು ನಂಬಲಿಲ್ಲ. ಜಪಾನಿನಿಂದ ಬಂದ ಆಹ್ವಾನಕ್ಕೆ ಹೋಗಲು ಅನುಮತಿ ಸಿಗಲಿಲ್ಲ. 1981ರಲ್ಲಿ ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಯೊಂದಕ್ಕೆ ವರ್ಗಾಯಿಸಿದರು. ಅದೇ ವರ್ಷ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. ತಪನ್ ಸಿನ್ಹಾ ಅವರ 1990ರ ಹಿಂದಿ ಚಿತ್ರ ‘ಏಕ್ ಡಾಕ್ಟರ್ ಕೀ ಮೌತ್’ಗೆ ಈ ದುರಂತವೇ ಪ್ರೇರಣೆ.

ಈ ಕಥೆಗೆ ಕರ್ನಾಟಕದ ನಂಟು ಬರುವುದು ಇಲ್ಲಿ. 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಭಾರತದ ಮೊದಲ ಪ್ರನಾಳ ಶಿಶುವೆಂದು ದೇಶ ಕೊಂಡಾಡಿತು. ಡಾ. ಇಂದಿರಾ ಹಿಂದುಜಾ ಅವರೊಂದಿಗೆ ಆ ಕೀರ್ತಿಗೆ ಪಾತ್ರರಾದವರು ವಿಜ್ಞಾನಿ ಟಿ.ಸಿ. ಆನಂದ ಕುಮಾರ್. ನಿವೃತ್ತಿಯ ಬಳಿಕ ಅವರು ಬೆಂಗಳೂರಿನಲ್ಲಿ ನೆಲೆಸಿದ್ದರು. 1997ರಲ್ಲಿ ಮುಖ್ಯೋಪಾಧ್ಯಾಯರ ಟಿಪ್ಪಣಿಗಳು ಅವರ ಕೈಸೇರಿದವು. ಅವನ್ನು ಓದಿನೋಡಿದ ಆನಂದ ಕುಮಾರ್, ಮೊದಲಿಗನೆಂಬ ಗೌರವ ತಮಗಲ್ಲ, ಕೋಲ್ಕತ್ತದ ಆ ವೈದ್ಯನಿಗೇ ಸಲ್ಲಬೇಕೆಂದು ಬರೆದರು. ಆ ಲೇಖನ ಪ್ರಕಟವಾದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ತನ್ನ ತಲೆಯ ಮೇಲಿದ್ದ ಕಿರೀಟವನ್ನು ತಾನೇ ತೆಗೆದು ತೀರಿಹೋದವನೊಬ್ಬನ ಹೆಸರಿಗೆ ಇಡುವುದು ಯಾವ ಕ್ಷೇತ್ರದಲ್ಲೂ ಸುಲಭವಲ್ಲ.

ಹೊರಜಗತ್ತಿನಲ್ಲಿ ಕೆಲಸ ಮುಂದುವರಿದಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಹೆಪ್ಪುಗಟ್ಟಿಸಿದ ಭ್ರೂಣದಿಂದ ಗರ್ಭ ನಿಂತ ವರದಿ 1983ರಲ್ಲಿ ಬಂತು. ಆ ಗರ್ಭ ಉಳಿಯಲಿಲ್ಲ. 1984ರಲ್ಲಿ ಅಲ್ಲಿಯೇ ಒಂದು ಮಗು ಜನಿಸಿತು. ಪಾಶ್ಚಾತ್ಯ ದಾಖಲೆಗಳು ಇದನ್ನೇ ಮೊದಲನೆಯದೆಂದು ಎಣಿಸುತ್ತವೆ.

ಆಗ ಬಳಸುತ್ತಿದ್ದುದು ನಿಧಾನವಾಗಿ ತಣಿಸುವ ಕ್ರಮ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ವಿಟ್ರಿಫಿಕೇಶನ್, ಅಂದರೆ ಗಾಜಾಗಿಸುವ ಕ್ರಮ. ಸಕ್ಕರೆ ಪಾಕ ನಿಧಾನವಾಗಿ ಆರಿದರೆ ಹರಳುಗಟ್ಟಿ ಕಲ್ಲುಸಕ್ಕರೆಯಾಗುತ್ತದೆ. ಅದೇ ಗಟ್ಟಿಪಾಕ ಬೇಗ ತಣಿದರೆ ಹರಳಿಲ್ಲದೆ ಗಾಜಿನಂತಹ ಮಿಠಾಯಿಯಾಗುತ್ತದೆ. ಭ್ರೂಣದ ಸುತ್ತ ರಕ್ಷಕ ದ್ರವವನ್ನು ಗಟ್ಟಿಯಾಗಿ ತುಂಬಿ ಕ್ಷಣಮಾತ್ರದಲ್ಲಿ ಸಾರಜನಕದಲ್ಲಿ ಮುಳುಗಿಸಿದಾಗ ಆಗುವುದೂ ಇದೇ. ಹರಳಿಲ್ಲ, ಆದ್ದರಿಂದ ಗಾಯವೂ ಇಲ್ಲ. ಒಳ್ಳೆಯ ಪ್ರಯೋಗಶಾಲೆಗಳಲ್ಲಿ ಹೀಗೆ ಕಾದಿಟ್ಟ ಭ್ರೂಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಕರಗಿಸಿದ ಮೇಲೂ ಬದುಕಿರುತ್ತವೆ.

ಭ್ರೂಣವನ್ನು ಸೇರಿಸುವ ವಿಧಾನ ಸರಳವಾದುದು. ಒಂದೋ ಸಹಜ ಋತುಚಕ್ರವನ್ನೇ ಅನುಸರಿಸುತ್ತಾರೆ. ಇಲ್ಲವೇ ಸುಮಾರು ಎರಡು ವಾರ ಈಸ್ಟ್ರೊಜನ್ ಮಾತ್ರೆ ಕೊಟ್ಟು ಗರ್ಭಕೋಶದ ಒಳಪದರ ಸುಮಾರು 7 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ದಪ್ಪವಾಗಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಆಮೇಲೆ ಪ್ರೊಜೆಸ್ಟರಾನ್ ಆರಂಭಿಸಿ, ಐದು ದಿನದ ಭ್ರೂಣವಾದರೆ ಐದು ದಿನ ಕಾದು, ಮೃದುವಾದ ಸಣ್ಣ ಕೊಳವೆಯ ಮೂಲಕ ಒಳಸೇರಿಸುತ್ತಾರೆ. ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ; ಕೆಲವೇ ನಿಮಿಷಗಳ ಕೆಲಸ. ಅನಂತರ ಹಾಸಿಗೆ ಬಿಟ್ಟು ಏಳಬಾರದೆಂಬ ನಂಬಿಕೆಗೆ ಆಧಾರವಿಲ್ಲ. ಮಲಗಿಯೇ ಇದ್ದರೆ ಭ್ರೂಣ ನಿಲ್ಲುವ ಸಂಭವ ಹೆಚ್ಚುವುದಿಲ್ಲ. ಸುಮಾರು ಎರಡು ವಾರದೊಳಗೆ ರಕ್ತಪರೀಕ್ಷೆ ಫಲವನ್ನು ಹೇಳುತ್ತದೆ.

ಆ ಫಲ ಎಷ್ಟೋ ಸಲ ‘ಇಲ್ಲ’ ಎಂದೇ ಬರುತ್ತದೆ. ಇದನ್ನು ಮುಚ್ಚಿಡಬಾರದು. ಯಶಸ್ಸು ಮುಖ್ಯವಾಗಿ ಅವಲಂಬಿಸಿರುವುದು ಅಂಡಾಣುವನ್ನು ತೆಗೆದಾಗ ಹೆಂಗಸಿನ ವಯಸ್ಸು ಎಷ್ಟಿತ್ತು ಎಂಬುದರ ಮೇಲೆ. 32ರಲ್ಲಿ ಕಾದಿಟ್ಟ ಭ್ರೂಣ 37ರಲ್ಲೂ 32ರ ಭ್ರೂಣವೇ. ಆದರೆ 42ರಲ್ಲಿ ಪಡೆದದ್ದನ್ನು ಯಾವ ಶೀತವೂ ಎಳೆಯದಾಗಿಸದು. ಎಲ್ಲ ಭ್ರೂಣಗಳನ್ನೂ ಹೆಪ್ಪುಗಟ್ಟಿಸಿಯೇ ಬಳಸುವುದು ಎಲ್ಲರಿಗೂ ಮೇಲೆಂಬ ಪ್ರಚಾರವೂ ಸರಿಯಲ್ಲ. ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆಯಿರುವ ಹೆಂಗಸರಿಗೆ ಅದರಿಂದ ಲಾಭವೆಂದು 2016ರ ದೊಡ್ಡ ಅಧ್ಯಯನವೊಂದು ಕಂಡುಕೊಂಡಿತು. ಆ ತೊಂದರೆಯಿಲ್ಲದವರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲವೆಂದು 2018ರ ಅಧ್ಯಯನಗಳು ತೋರಿಸಿದವು. ಹಾರ್ಮೋನಿನಿಂದಲೇ ಗರ್ಭಕೋಶವನ್ನು ಸಿದ್ಧಪಡಿಸಿದಾಗ ಗರ್ಭಿಣಿಗೆ ರಕ್ತದೊತ್ತಡ ಏರುವ ಸಂಭವ ಕೊಂಚ ಹೆಚ್ಚೆಂಬುದೂ ಗೊತ್ತಾಗಿದೆ. ಒಡವೆ ಅಡವಿಟ್ಟು, ಹೊಲ ಮಾರಿ ಬರುವವರಿಗೆ ಇವೆಲ್ಲವನ್ನೂ ಮೊದಲೇ ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯ. ಕೇಳುವುದು ದಂಪತಿಗಳ ಹಕ್ಕು.

ಬಹುಕಾಲ ಈ ಕ್ಷೇತ್ರಕ್ಕೆ ಭಾರತದಲ್ಲಿ ಮಾರ್ಗಸೂಚಿಗಳಿದ್ದವೇ ಹೊರತು ಕಾನೂನಿರಲಿಲ್ಲ. 2021ರಲ್ಲಿ ಸಂಸತ್ತು ಅಂಗೀಕರಿಸಿದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಂತೆ ಚಿಕಿತ್ಸಾಲಯಗಳು ನೋಂದಣಿಯಾಗಿರಬೇಕು. ಚಿಕಿತ್ಸೆ ಪಡೆಯುವ ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವಯಸ್ಸಿನ ಮಿತಿಯಿದೆ. ಲಿಖಿತ ಒಪ್ಪಿಗೆ ಬೇಕು. ಭ್ರೂಣವನ್ನು ಮಾರುವಂತಿಲ್ಲ, ಗಂಡೋ ಹೆಣ್ಣೋ ಎಂದು ಆರಿಸುವಂತಿಲ್ಲ. ಕಾದಿಡುವ ಅವಧಿ ಗರಿಷ್ಠ 10 ವರ್ಷ. ಆಮೇಲೆ ಅದನ್ನು ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿಂದ ಸಂಶೋಧನೆಗೆ ಕೊಡಬೇಕು. ಮಗು ಹುಟ್ಟಿ ಮನೆ ತುಂಬಿದ ಮೇಲೂ ಶೀತದಲ್ಲಿ ಉಳಿದ ಭ್ರೂಣಗಳನ್ನು ಏನು ಮಾಡಬೇಕೆಂಬುದು ಎಷ್ಟೋ ದಂಪತಿಗಳನ್ನು ಕಾಡುವ ಪ್ರಶ್ನೆ. ಕಾನೂನು ಗಡುವು ಹಾಕಬಲ್ಲದು, ಮನಸ್ಸಿನ ತೊಳಲಾಟವನ್ನು ತೀರಿಸಲಾರದು. ಆದ್ದರಿಂದ ಅದನ್ನು ಚಿಕಿತ್ಸೆಗೆ ಮೊದಲೇ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ಗಾಂಧಾರಿಯ ಪಿಂಡವನ್ನು ತುಪ್ಪದ ಕೊಡಗಳಲ್ಲಿಟ್ಟು ನೂರೊಂದು ಮಕ್ಕಳನ್ನು ಪಡೆದ ಭಾರತದ ಕಥೆಯನ್ನು ಹೇಳಿ, ಇದೆಲ್ಲ ಹಿಂದೆಯೇ ಇತ್ತು ಎನ್ನುವವರಿದ್ದಾರೆ. ಕಥೆ ಹೇಳುವುದು ಮನುಷ್ಯನ ಹಂಬಲವನ್ನು. ಆ ಹಂಬಲ ಕೈಗೂಡಿದ್ದು ಲೆಕ್ಕ, ಟಿಪ್ಪಣಿ, ಸೋಲುಗಳಿಂದ, ಮತ್ತು ನಂಬದವರ ನಡುವೆ ಕೆಲಸ ಮಾಡಿದ ಕೆಲವರ ಬದುಕಿನಿಂದ.

ಮಕ್ಕಳಾಗದಿರುವುದು ಯಾರ ಶಾಪವೂ ಅಲ್ಲ, ಯಾರ ಅಪರಾಧವೂ ಅಲ್ಲ. ಚಿಕಿತ್ಸೆ ಫಲಿಸಿದರೆ ಸಂತೋಷ. ಫಲಿಸದಿದ್ದರೆ ದತ್ತು ಪಡೆದು ಬಾಳಿದ ಮನೆತನದ ಉದಾಹರಣೆ ಈ ಊರಿನ ನಡುವೆಯೇ ಇದೆ. ಮಕ್ಕಳಿಲ್ಲದೆ ನೆಮ್ಮದಿಯಿಂದ ಬಾಳುವ ದಾರಿಯೂ ಇದೆ. ಯಾವ ದಾರಿ ಹಿಡಿದರೂ ಮೊದಲ ಹೆಜ್ಜೆ ಒಂದೇ. ಧನ್ವಂತರಿ ರಸ್ತೆಗೆ ಹೆಂಡತಿಯನ್ನು ಅತ್ತೆಯೊಡನೆ ಕಳಿಸಿಕೊಡುವ ಬದಲು ಗಂಡನೂ ಜೊತೆಯಲ್ಲಿ ಬಂದು, ಮೊದಲ ಪರೀಕ್ಷೆಗೆ ತಾನೂ ಕೂರಬೇಕು.