ನಾಲ್ಕೇ ಅಂಕದಲ್ಲಿ ವಿಶ್ವಕಪ್: ಐಶ್ವರ್ಯಾ ಪಿಸ್ಸೆ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯಿಂದ ಕೇಳ್ತಿರೋ ಬೈಕ್ ಪ್ರಿಯರೇ, ಇವತ್ತು ಬೆಂಗಳೂರಿನ ರೇಸರ್ ಐಶ್ವರ್ಯಾ ಪಿಸ್ಸೆ ಅವರ ಕಥೆ.

2018, ಸ್ಪೇನ್‌ನ ಬಾಹಾ ಅರಾಗೊನ್ ರ‍್ಯಾಲಿ. ಬಾಹಾ ಅಂದ್ರೆ ಡಾಂಬರಿಲ್ಲದ ಕಲ್ಲು-ಮಣ್ಣಿನ ದಾರಿಯಲ್ಲಿ ನಡೆಯೋ ದೂರದ ರೇಸ್. ಅಲ್ಲಿ ಬಿದ್ದ ಐಶ್ವರ್ಯಾ ಅವರ ಮೇದೋಜ್ಜೀರಕ ಗ್ರಂಥಿಗೆ ಗಂಭೀರ ಪೆಟ್ಟಾಯ್ತು.

ಆದ್ರೂ ಮುಂದಿನ ವರ್ಷವೇ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗಕ್ಕೆ ಇಳಿದ್ರು. ದುಬೈನಲ್ಲಿ ಮೊದಲ ಸ್ಥಾನ, ಪೋರ್ಚುಗಲ್‌ನಲ್ಲಿ ಮೂರನೇದು, ಹಿಂದಿನ ವರ್ಷ ಬಿದ್ದಿದ್ದ ಸ್ಪೇನ್‌ನಲ್ಲಿ ಐದನೇದು, ಹಂಗೇರಿಯಲ್ಲಿ ನಾಲ್ಕನೇದು. ಗೆದ್ದಿದ್ದು ಒಂದೇ ರೇಸ್, ಆದ್ರೆ ನಾಲ್ಕನ್ನೂ ಮುಗಿಸಿದ್ರು. ಒಟ್ಟು 65 ಅಂಕ. ಎರಡನೇ ಸ್ಥಾನದ ಪೋರ್ಚುಗಲ್‌ನ ರೀಟಾ ವಿಯೇರಾಗೆ 61. ಹೀಗೆ ಮೋಟಾರ್ ಸ್ಪೋರ್ಟ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದ್ರು.

ಕಪ್ ಬಂದಿದ್ದು ಪ್ರತಿ ಸಲ ಎಲ್ಲರಿಗಿಂತ ಮುಂದೆ ಇದ್ದಿದ್ದಕ್ಕಲ್ಲ, ಪ್ರತಿ ಸಲ ಕೊನೆವರೆಗೂ ತಲುಪಿದ್ದಕ್ಕೆ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನ ರಸ್ತೆ ಹಿಡಿಯೋವಾಗ ಇದು ನೆನಪಿರಲಿ. ಅಲ್ಲಿ ವೇಗಕ್ಕೆ ಅಂಕ ಕೊಡೋರು ಯಾರೂ ಇಲ್ಲ, ಅಡ್ಡ ಬರೋ ಜಿಂಕೆ ಮಾತ್ರ ಇದೆ. ಹೆಲ್ಮೆಟ್ ಹಾಕ್ಕೊಂಡು ನಿಧಾನವಾಗಿ ಹೋಗಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.