ಸೂರಿನ ವಾರ್ಡು, ಮಂಗಳೂರಿನ ವಾರ್ಡು

ಒಮಾನಿನ ಸೂರ್ ಹಾಯಿಹಡಗು ಕಟ್ಟುವವರ ಊರು. ಆ ಹಡಗುಗಳಿಗೆ ಬೇಕಾದ ತೇಗ ಒಂದು ಕಾಲದಲ್ಲಿ ಮಲಬಾರಿನ ಕಡೆಯಿಂದ ಹೋಗುತ್ತಿತ್ತು. ಈಗ ನಮ್ಮ ಕರಾವಳಿಯಿಂದ ಒಮಾನಿಗೆ ಹೋಗುವವರಲ್ಲಿ ನರ್ಸುಗಳೂ ಇದ್ದಾರೆ.

ಶುಶ್ರೂಷೆಯ ಆಧುನಿಕ ಕಸುಬು ಎರಡೂ ಕಡೆ ಬೆಳೆದದ್ದು ಬಹುಮಟ್ಟಿಗೆ ಮಿಷನ್ ಆಸ್ಪತ್ರೆಗಳ ಅಂಗಳದಲ್ಲಿ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಪಾದ್ರಿ ಮುಲ್ಲರ್ 1880ರಲ್ಲಿ ಔಷಧ ಕೊಡತೊಡಗಿದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ತೆರೆಯಿತು. ಒಮಾನಿನಲ್ಲಿ ಮುತ್ರಾಹ್‌ನ ಅಲ್ ರಹ್ಮಾ ಆಸ್ಪತ್ರೆಯನ್ನು ಕಟ್ಟಿದ್ದು ಅಮೆರಿಕನ್ ಮಿಷನರಿಗಳು. ಅಲ್ಲಿ ನರ್ಸಿಂಗ್ ಶಾಲೆ ಶುರುವಾದದ್ದು 1970ರಲ್ಲಿ. ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದದ್ದೂ ಅದೇ ವರ್ಷದ ಜುಲೈಯಲ್ಲಿ. ಎಣ್ಣೆಯ ಹಣದಿಂದ ಆಸ್ಪತ್ರೆಗಳು ಎದ್ದವು, ಒಳಗೆ ದುಡಿಯಲು ಸಾಕಷ್ಟು ಸ್ಥಳೀಯ ಕೈಗಳಿರಲಿಲ್ಲ. ಭಾರತ, ಫಿಲಿಪೀನ್ಸ್‌ಗಳಿಂದ ನರ್ಸುಗಳು ಬಂದರು.

ಇನ್ನು ವಾರ್ಡಿನೊಳಗೆ ಹೋಗೋಣ. ನಮ್ಮ ಸರಕಾರಿ ಆಸ್ಪತ್ರೆಯಲ್ಲಿ ಮಂಚದ ಕೆಳಗೆ ಚಾಪೆ ಸುತ್ತಿಟ್ಟಿರುತ್ತಾರೆ, ಪಕ್ಕದಲ್ಲಿ ಗಂಜಿಯ ಕ್ಯಾರಿಯರ್. ಮೈ ಒರೆಸುವುದು, ಉಣಿಸುವುದು, ಚೀಟಿ ಹಿಡಿದು ಔಷಧದಂಗಡಿಗೆ ಓಡುವುದು, ಎಲ್ಲ ಜೊತೆಗಿರುವವರ ಪಾಲು. ಸಾಮಾನ್ಯ ಆಸ್ಪತ್ರೆಗಳಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಎಂಬ ಲೆಕ್ಕ ಭಾರತೀಯ ನರ್ಸಿಂಗ್ ಕೌನ್ಸಿಲಿನ ಕಾಗದದಲ್ಲಿದೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಇರುವುದೂ ಉಂಟು. ನನ್ನ ಅನಿಸಿಕೆ ಕೇಳಿದರೆ, ಮನೆಯವರ ಪ್ರೀತಿಯೇ ಸರಕಾರದ ಕೊರತೆಯನ್ನು ಮುಚ್ಚಿಹಾಕುತ್ತಿದೆ.

ಒಮಾನಿನಲ್ಲಿ ಆ ಕೆಲಸವೆಲ್ಲ ನರ್ಸಿನದು: ಸ್ನಾನ, ಊಟ, ಹಾಸಿಗೆಹುಣ್ಣಾಗದಂತೆ ಮಗ್ಗುಲು ಬದಲಿಸುವುದು. ನೆಂಟರೇನೂ ಕಡಿಮೆಯಿಲ್ಲ, ಭೇಟಿಯ ಹೊತ್ತಿಗೆ ಖರ್ಜೂರ, ಕಾಫಿ ಹಿಡಿದು ದಂಡೇ ಬರುತ್ತದೆ. ದಾಖಲೆಗಳು ಅಲ್ ಶಿಫಾ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ. ಅಲ್ಲಿನ ಪರವಾನಗಿಗೆ ಬೇಕಾದ ಪ್ರೊಮೆಟ್ರಿಕ್ ಪರೀಕ್ಷೆ ಪಾಸಾಗಿ ಬಂದವರೂ ಕೆಲವನ್ನು ಅಲ್ಲೇ ಕಲಿಯಬೇಕು. ಗಂಡಸರು ಒಳಬರುವ ಮುಂಚೆ ದನಿ ಮಾಡಿದರೆ ಹೆಂಗಸರು ಮುಸುಕು ಸರಿಪಡಿಸಿಕೊಳ್ಳುತ್ತಾರೆ. ರಂಜಾನಿನಲ್ಲಿ ಉಪವಾಸವಿರುವ ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಹೊತ್ತನ್ನು ಇಫ್ತಾರಿಗೆ ಹೊಂದಿಸಬೇಕು. ಕೊನೆಯುಸಿರಿನ ಹೊತ್ತಿಗೆ ರೋಗಿಯ ಮುಖ ಮೆಕ್ಕಾದ ಕಡೆಗಿರಬೇಕು. ಇವೆಲ್ಲ ಯಾವ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಬರುತ್ತವೆ, ಹೇಳಿ!

1990ರ ದಶಕದಲ್ಲಿ ಸೂರಿನಲ್ಲೇ ನರ್ಸಿಂಗ್ ಸಂಸ್ಥೆ ಬಂತು. ಊರ ಹೆಣ್ಣುಮಕ್ಕಳು ಅಲ್ಲೇ ಕಲಿತು, ಹಿಜಾಬಿನ ಮೇಲೆ ಹೆಸರಿನ ಬಿಲ್ಲೆ ಸಿಕ್ಕಿಸಿ ಕೆಲಸಕ್ಕೆ ಸೇರಿದರು. ಅಜ್ಜಿಯೊಬ್ಬಳು ತನ್ನ ನೋವನ್ನು ತನ್ನ ಮಾತಿನಲ್ಲೇ ಹೇಳಿಕೊಳ್ಳಲು ಸಾಧ್ಯವಾದದ್ದು ಸಣ್ಣ ಸಂಗತಿಯಲ್ಲ. ಸ್ಥಳೀಯರನ್ನೇ ಕೆಲಸಕ್ಕೆ ತೆಗೆದುಕೊಳ್ಳುವ ಒಮಾನೀಕರಣದಿಂದ ವಿದೇಶಿಯರ ಹುದ್ದೆಗಳು ಕಡಿಮೆಯಾಗುತ್ತಿವೆ. ಕೊಲ್ಲಿಯತ್ತಲೇ ನೋಡುತ್ತಿದ್ದ ನಮ್ಮ ನರ್ಸಿಂಗ್ ಪದವೀಧರರಲ್ಲಿ ಕೆಲವರು ಈಗ ಜರ್ಮನ್ ಕಲಿಯುತ್ತಿದ್ದಾರೆ.